ಉತ್ತರ ಕೊಡದ ದೇವರಿಗೆ ಬರೆದ ಪತ್ರಗಳು

ತಮ್ಮ ಪತ್ರಗಳನ್ನು ನಾಶಮಾಡಿ ಎಂದು ಮದರ್ ತೆರೇಸಾ ಕಲ್ಕತ್ತೆಯ ಮಹಾಧರ್ಮಾಧ್ಯಕ್ಷ ಫರ್ಡಿನೆಂಡ್ ಪೆರಿಯೆ ಅವರನ್ನೂ ಆಧ್ಯಾತ್ಮಿಕ ಮಾರ್ಗದರ್ಶಕರಾಗಿದ್ದ ಫಾದರ್ ಸೆಲೆಸ್ತ್ ವಾನ್ ಎಕ್ಸೆಮ್ ಅವರನ್ನೂ ಬೇಡಿಕೊಂಡಿದ್ದರು. ಇವು ಹೊರಬಿದ್ದರೆ ಜನ ಯೇಸುವನ್ನು ಬಿಟ್ಟು ತನ್ನ ಬಗ್ಗೆಯೇ ಯೋಚಿಸುತ್ತಾರೆ ಎಂಬ ಅಂಜಿಕೆ ಅವರದು. ಪತ್ರಗಳು ಉಳಿದುಕೊಂಡವು. ಅವರು ತೀರಿಕೊಂಡ ಹತ್ತು ವರ್ಷಕ್ಕೆ, 2007ರಲ್ಲಿ, ‘ಕಮ್ ಬಿ ಮೈ ಲೈಟ್’ ಎಂಬ ಪುಸ್ತಕವಾಗಿ ಲೋಕದ ಕೈಗೆ ಬಂದವು. ಸಂಪಾದಕರು ಫಾದರ್ ಬ್ರಯನ್ ಕೊಲೊಡೈಚುಕ್. ಮದರ್ ಅವರಿಗೆ ಸಂತ ಪದವಿ ಕೊಡಿಸುವ ಪ್ರಕ್ರಿಯೆಯ ಹೊಣೆ ಹೊತ್ತಿದ್ದವರೂ ಅವರೇ. ಬರೆದವರಿಗೆ ಪ್ರಕಟವಾಗುವುದು ಬೇಕಿರಲಿಲ್ಲ. ಪ್ರಕಟಿಸಿದವರಿಗೆ ಸಾಬೀತು ಮಾಡಬೇಕಾದದ್ದೊಂದಿತ್ತು. ಈ ಪುಸ್ತಕದ ಹಿರಿಮೆಯೂ ಕೊರತೆಯೂ ಇಲ್ಲಿಂದಲೇ ಹುಟ್ಟುತ್ತವೆ.

ಪತ್ರಗಳು ಹೇಳುವ ಕಥೆ ಇದು. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ, ಲೊರೆಟೊ ಸಂಸ್ಥೆಯ ಈ ಸನ್ಯಾಸಿನಿಗೆ ಬಡವರಲ್ಲಿ ಬಡವರ ನಡುವೆ ಹೋಗು ಎಂಬ ಕರೆ ಬಂತು. ಮುಂದಿನ ತಿಂಗಳುಗಳಲ್ಲಿ ಯೇಸುವಿನ ದನಿ ತನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು ಎಂದು ಅವರು ಬರೆದಿದ್ದಾರೆ. 1950ರ ಅಕ್ಟೋಬರ್ 7ರಂದು ಮಿಷನರೀಸ್ ಆಫ್ ಚಾರಿಟಿ ಸ್ಥಾಪನೆಯಾಯಿತು. ಕೇಳಿದ್ದೆಲ್ಲ ಕೈಗೂಡಿದ ಆ ಹೊತ್ತಿಗೇ ದನಿ ನಿಂತುಹೋಗಿತ್ತು. ಪ್ರಾರ್ಥನೆ ಒಣಗಿತು, ಆತ್ಮವೆಂಬುದು ಇದೆಯೇ, ಸ್ವರ್ಗವಿದೆಯೇ, ದೇವರೇ ಇದ್ದಾನೆಯೇ ಎಂಬ ಪ್ರಶ್ನೆಗಳು ಎದ್ದವು. 1958ರಲ್ಲಿ, ಹನ್ನೆರಡನೆಯ ಪಿಯೂಸ್ ಪೋಪರ ಆತ್ಮಶಾಂತಿಯ ಬಲಿಪೂಜೆಯ ಹೊತ್ತಿನಲ್ಲಿ ಕತ್ತಲು ಸರಿದು, ಕೆಲವು ವಾರ ಬಿಡುವು ಸಿಕ್ಕಿತು. ಆಮೇಲೆ ಮತ್ತೆ ಅದೇ ಕತ್ತಲು. ಸಂಪಾದಕರು ತೋರಿಸುವಂತೆ, 1997ರಲ್ಲಿ ಸಾಯುವವರೆಗೂ ಅದು ಬಿಡಲಿಲ್ಲ.

ಪುಸ್ತಕದ ಅತ್ಯಂತ ಬೆಲೆಬಾಳುವ ಪುಟಗಳು 1959ರವು. ಆಗಿನ ಮಾರ್ಗದರ್ಶಕ ಫಾದರ್ ಲಾರೆನ್ಸ್ ಪಿಕಾಚಿ ಅವರಿಗೆ ಕಳಿಸಿದ ಕಾಗದಗಳಲ್ಲಿ ಮದರ್ ನೇರವಾಗಿ ಯೇಸುವಿಗೇ ಬರೆದ ಪುಟಗಳಿವೆ. ದೇವರು ಇಲ್ಲವೇನೋ ಎಂಬ ಸಂದೇಹವನ್ನು ಅವರು ದೇವರ ಮುಂದೆಯೇ ಇಡುತ್ತಾರೆ. ನಂಬಿಕೆ ಇಲ್ಲ ಎಂದು ಯಾರಿಗೆ ಹೇಳುತ್ತಿದ್ದಾರೋ ಆತನ ಕ್ಷಮೆಯನ್ನೂ ಕೇಳುತ್ತಾರೆ. ತರ್ಕಕ್ಕೆ ಇದು ಗೊಂದಲ. ಆದರೆ ಬೈಬಲ್ ಬಲ್ಲವರಿಗೆ ಹೊಸದಲ್ಲ. ಯೋಬನು ದೇವರನ್ನೇ ಕಟಕಟೆಗೆ ಕರೆದ. ಎಂಬತ್ತೆಂಟನೆಯ ಕೀರ್ತನೆ ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಕೊನೆಗೊಂದು ಸಮಾಧಾನದ ಸಾಲನ್ನು ಯಾರೂ ಅದಕ್ಕೆ ಅಂಟಿಸಲಿಲ್ಲ. ದೇವರನ್ನು ಎದುರಿಗೆ ನಿಲ್ಲಿಸಿಕೊಂಡು ಬಯ್ಯುವ ನಿಂದಾಸ್ತುತಿಯನ್ನು ದಾಸರ ಪದಗಳಲ್ಲಿ ಕೇಳುತ್ತ ಬೆಳೆದ ಕನ್ನಡದ ಓದುಗರಿಗೂ ಈ ಧಾಟಿ ಅಪರಿಚಿತವಲ್ಲ. ಒಂದು ವ್ಯತ್ಯಾಸವುಂಟು. ದಾಸರು ಬೀದಿಯಲ್ಲಿ ಹಾಡಿದರು. ಮದರ್ ಲಕೋಟೆ ಮುಚ್ಚಿ ಕಳಿಸಿದರು.

ಇಂಥ ಪತ್ರಗಳನ್ನು ಸಂಪಾದಕರು ಹೇಗೆ ಕೊಡುತ್ತಾರೆ? ಇಡಿಯಾಗಿ ಕೊಡುವುದು ಕಡಿಮೆ. ಆಯ್ದ ಭಾಗಗಳನ್ನು ತಮ್ಮ ನಿರೂಪಣೆಯ ನಡುವೆ ಜೋಡಿಸಿ, ಪ್ರತಿ ನರಳಿಕೆಯ ಹಿಂದೆಯೂ ಮುಂದೆಯೂ ಅರ್ಥ ಹೇಳುತ್ತಾರೆ. ಹದಿನಾರನೆಯ ಶತಮಾನದ ಸ್ಪೇನಿನ ಸಂತ, ಶಿಲುಬೆಯ ಯೊವಾನ್ನರು ಬಣ್ಣಿಸಿದ ಆತ್ಮದ ಕಗ್ಗತ್ತಲ ರಾತ್ರಿಯ ಪರಂಪರೆಯಲ್ಲಿ ಅವರು ಮದರ್ ಅವರನ್ನು ಇಡುತ್ತಾರೆ. ಆದರೆ ಯೊವಾನ್ನರ ಲೆಕ್ಕದಲ್ಲಿ ಆ ರಾತ್ರಿ ಆತ್ಮವನ್ನು ಶುದ್ಧಗೊಳಿಸಿ ದೇವರೊಂದಿಗೆ ಒಂದಾಗಿಸುವ ಒಂದು ಹಂತ. ಅರ್ಧ ಶತಮಾನದ ಕತ್ತಲು ಅದರಲ್ಲಿ ಸುಲಭವಾಗಿ ಕೂರುವುದಿಲ್ಲ. ಹಾಗಾಗಿ ಸಂಪಾದಕರು ಇನ್ನೊಂದು ಹೆಜ್ಜೆ ಮುಂದಿಡುತ್ತಾರೆ: ಶುದ್ಧಿ ಮೊದಲೇ ಆಗಿತ್ತು, ಇದು ಪರರಿಗಾಗಿ ಹೊತ್ತ ನೋವು, ಕ್ರಿಸ್ತನ ಯಾತನೆಯಲ್ಲಿ ಪಾಲು. ದೈವಶಾಸ್ತ್ರವಾಗಿ ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಓದಿನ ಕ್ರಮವಾಗಿ ಇದು ಅನ್ಯಾಯ. ಮದರ್ ತಿಳಿಯದೆ ತೊಳಲಾಡಿದ್ದನ್ನು ಎಲ್ಲ ತಿಳಿದ ದನಿಯೊಂದು ಪಕ್ಕದಲ್ಲೇ ನಿಂತು ವಿವರಿಸುತ್ತಿದ್ದರೆ, ಆ ಸಂದೇಹ ನಮಗೆ ಸಂದೇಹವಾಗಿ ತಟ್ಟುವುದೇ ಇಲ್ಲ. ಸಂತ ಪದವಿಯ ಕಡತಕ್ಕೆ ಸೇರಿದ ಇನ್ನೊಂದು ಪುರಾವೆಯಾಗುತ್ತದೆ.

ಎದುರು ಪಕ್ಷದ ಓದಿನಲ್ಲೂ ಇದೇ ಅವಸರವಿದೆ. ಮದರ್ ಅವರ ಕಟು ಟೀಕಾಕಾರ ಕ್ರಿಸ್ಟೊಫರ್ ಹಿಚನ್ಸ್, ಧರ್ಮವೆಂಬುದು ಮನುಷ್ಯ ಕಟ್ಟಿದ್ದು ಎಂಬ ಅರಿವು ಅವರಿಗೂ ಆಗಿತ್ತು ಎಂಬುದಕ್ಕೆ ಈ ಪತ್ರಗಳನ್ನು ಸಾಕ್ಷಿ ಮಾಡಿದರು. ಮದರ್ ಅವರ ಆಶ್ರಮಗಳ ವೈದ್ಯಕೀಯ ಆರೈಕೆಯ ಮೇಲೆ ಬಂದ ಟೀಕೆಗಳು ಗಂಭೀರವಾದವು. ಅವುಗಳ ವಿಚಾರಣೆ ಬೇರೆಯಾಗಿಯೇ ನಡೆಯಬೇಕು. ಈ ಪತ್ರಗಳ ಮಟ್ಟಿಗೆ ಮಾತ್ರ ಹಿಚನ್ಸರ ತೀರ್ಪು ಒಪ್ಪುವಂಥದ್ದಲ್ಲ. ದೇವರಿಲ್ಲ ಎಂದು ತೀರ್ಮಾನಿಸಿದವರು ಮುಂದಕ್ಕೆ ಹೋಗುತ್ತಾರೆ. ಮದರ್ ಹೋಗಲಿಲ್ಲ. ಅವರ ಹಂಬಲ ದೇವರಿದ್ದಾನೆ ಎಂಬುದಕ್ಕೆ ಪುರಾವೆಯಲ್ಲ, ನಿಜ. ಅವರು ಸಂಬಂಧ ಕಡಿದುಕೊಂಡಿರಲಿಲ್ಲ ಎಂಬುದಕ್ಕಂತೂ ಹೌದು. ಸಂಪಾದಕರು ಸಂದೇಹವನ್ನು ಪವಿತ್ರತೆಯಾಗಿ ಮುಗಿಸಿದರೆ, ಹಿಚನ್ಸ್ ನಾಸ್ತಿಕತೆಯಾಗಿ ಮುಗಿಸಿದರು. ಪತ್ರಗಳಲ್ಲಿ ಅದು ಮುಗಿಯುವುದೇ ಇಲ್ಲ.

ಈ ಸತ್ಯವನ್ನು ಚೆನ್ನಾಗಿ ಅರಿತವರು ಫಾದರ್ ಜೋಸೆಫ್ ನೊಯ್ನರ್ ಎಂದು ನನಗೆ ತೋರುತ್ತದೆ. ಆಸ್ಟ್ರಿಯಾದ ಈ ಯೇಸುಸಭೆಯ ಗುರು ಪುಣೆಯಲ್ಲಿ ದೈವಶಾಸ್ತ್ರ ಕಲಿಸುತ್ತಿದ್ದವರು. 1960ರ ದಶಕದ ಆರಂಭದಲ್ಲಿ ಮದರ್ ತಮ್ಮ ಕತ್ತಲನ್ನು ಅವರ ಮುಂದೆ ಬಿಚ್ಚಿಟ್ಟರು. ಇದಕ್ಕೆ ಮನುಷ್ಯರ ಕೈಯಲ್ಲಿ ಮದ್ದಿಲ್ಲ, ಇದು ನಿಮ್ಮ ತಪ್ಪೂ ಅಲ್ಲ, ದೇವರ ಸಾನ್ನಿಧ್ಯಕ್ಕೆ ಅನುಭವವೊಂದೇ ಗುರುತಲ್ಲ, ಆತನಿಗಾಗಿ ಪಡುವ ಹಂಬಲವೂ ಗುರುತೇ ಎಂಬುದು ಅವರ ಸಲಹೆಯ ಸಾರ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಈ ಕತ್ತಲನ್ನು ಪ್ರೀತಿಸಲು ತೊಡಗಿದೆ ಎಂದು ಮದರ್ ಉತ್ತರ ಬರೆದರು. ಹಾಗೆಂದು ಕತ್ತಲು ಕಳೆಯಲಿಲ್ಲ. 1979ರಲ್ಲಿ, ನೊಬೆಲ್ ಶಾಂತಿ ಪುರಸ್ಕಾರಕ್ಕಾಗಿ ಓಸ್ಲೋಗೆ ಹೋಗುವ ಕೆಲವೇ ತಿಂಗಳ ಮೊದಲು, ಫಾದರ್ ಮೈಕೆಲ್ ವಾನ್ ಡೆರ್ ಪೀಟ್ ಅವರಿಗೆ ಬರೆದ ಕಾಗದದಲ್ಲಿ ಅದೇ ಮೌನ, ಅದೇ ಶೂನ್ಯ. ನೊಯ್ನರ್ ಪ್ರಶ್ನೆಯನ್ನು ಬಗೆಹರಿಸಲಿಲ್ಲ. ಪ್ರಶ್ನೆಯ ಜೊತೆಗೇ ಬದುಕುವ ಬಲ ಕೊಟ್ಟರು.

ಹಾಗಾದರೆ ಲೋಕ ಕಂಡ ಮದರ್ ಅವರ ನಗುಮುಖ ಸುಳ್ಳೇ? ತಮ್ಮ ನಗು ಒಳಗಿನದನ್ನು ಮುಚ್ಚುವ ಹೊದಿಕೆಯೆಂದು ಮದರ್ ತಾವೇ ಬರೆದರು. ತಾನು ಕಪಟಿಯೇ ಎಂಬ ಅಳುಕೂ ಅವರಿಗಿತ್ತು. ದೇವರು ಕೇಳಿದ್ದಕ್ಕೆ ಇಲ್ಲವೆನ್ನುವುದಿಲ್ಲ ಎಂದು 1942ರಲ್ಲೇ ಅವರು ಗುಟ್ಟಾಗಿ ವ್ರತ ತೊಟ್ಟಿದ್ದರು. ಅನುಭವ ಬತ್ತಿದ ಮೇಲೂ ಕೊಟ್ಟ ಮಾತಿಗೆ ನಡೆದುಕೊಂಡರು: ಬೆಳಗಿನ ಬಲಿಪೂಜೆ ತಪ್ಪಲಿಲ್ಲ, ಕಾಳಿಘಾಟಿನ ನಿರ್ಮಲ ಹೃದಯದಲ್ಲಿ ಸಾಯುವವರ ಆರೈಕೆ ನಿಲ್ಲಲಿಲ್ಲ. ಇದನ್ನು ಕಪಟವೆಂದು ಕರೆಯಲು ನನಗೆ ಮನಸ್ಸಿಲ್ಲ. ಅನಿಸಿಕೆ ಕೈಬಿಟ್ಟಾಗಲೂ ಮಾತು ಉಳಿಸಿಕೊಳ್ಳುವುದು ನಂಬಿಕೆಯ ಒಂದು ರೂಪ, ಬಹುಶಃ ಎಲ್ಲಕ್ಕಿಂತ ಕಷ್ಟದ ರೂಪ.

ಆದರೆ ಮುಚ್ಚಿಟ್ಟಿದ್ದಕ್ಕೆ ಬೇರೆಯವರೂ ಬೆಲೆ ತೆತ್ತಿದ್ದಾರೆ. ಬೆರಳೆಣಿಕೆಯ ಗುರುಗಳ ಹೊರತು, ಜೊತೆಯಲ್ಲೇ ಬದುಕಿದ ಸಿಸ್ಟರುಗಳಿಗೂ ಈ ಸಂಗತಿ ಗೊತ್ತಿರಲಿಲ್ಲ. ಸಂತರಿಗೆ ಸಂದೇಹ ಬರುವುದಿಲ್ಲ, ಬಂದಿದ್ದರೆ ಕೊರತೆ ನನ್ನದೇ ಎಂದು ಆ ದಶಕಗಳಲ್ಲಿ ಎಷ್ಟೋ ಕ್ರೈಸ್ತರು ತಮ್ಮನ್ನೇ ಹಳಿದುಕೊಂಡಿರಬೇಕು. ಇಂದಿಗೂ ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳಲು ಎದ್ದವರು ಗೆದ್ದ ಕಥೆಯನ್ನೇ ಹೇಳುತ್ತಾರೆ. ಕಾಯಿಲೆ ವಾಸಿಯಾಯಿತು, ಕೆಲಸ ಸಿಕ್ಕಿತು, ದೇವರು ಕೈಬಿಡಲಿಲ್ಲ. ಮಗುವನ್ನು ಕಳೆದುಕೊಂಡ ತಾಯಿ ನನಗೆ ಪ್ರಾರ್ಥಿಸಲಾಗುತ್ತಿಲ್ಲ ಎಂದರೆ, ಇನ್ನೂ ಹೆಚ್ಚು ಪ್ರಾರ್ಥಿಸಿ ಎಂಬ ಉಪದೇಶ ಕೊಟ್ಟು ಕಳಿಸುತ್ತೇವೆ. ಭಾರತದ ಹಲವು ಕ್ರೈಸ್ತರು ತಮ್ಮ ವಿಶ್ವಾಸದ ಮೂಲವನ್ನು ಗುರುತಿಸುವುದು ಸಂತ ತೋಮನಲ್ಲಿ; ಗಾಯವನ್ನು ಮುಟ್ಟಿ ನೋಡದೆ ನಂಬುವುದಿಲ್ಲ ಎಂದವನೂ ಅವನೇ. ಯೊವಾನ್ನನ ಸುವಾರ್ತೆಯಲ್ಲಿ ಉಳಿದ ಶಿಷ್ಯರು ಅವನನ್ನು ಹೊರಹಾಕಲಿಲ್ಲ. ಎಂಟು ದಿನಗಳ ನಂತರ ಯೇಸು ಬಂದಾಗಲೂ ಅವನು ಅವರ ನಡುವೆಯೇ ಇದ್ದ. ಆ ಎಂಟು ದಿನ ಅವನನ್ನು ಜೊತೆಗಿಟ್ಟುಕೊಂಡ ಸಭೆಯ ಗುಣ ನಮ್ಮ ಸಭೆಗಳಿಗೆ ಬೇಕು.

ಅದಕ್ಕಾಗಿಯೇ, ಬರೆದವರ ಇಚ್ಛೆಗೆ ವಿರುದ್ಧವಾಗಿ ಪ್ರಕಟವಾದರೂ ಈ ಪುಸ್ತಕ ಬಂದದ್ದು ಒಳ್ಳೆಯದಾಯಿತು ಎನ್ನುತ್ತೇನೆ. ಪತ್ರಗಳನ್ನು ಇಡಿಯಾಗಿ, ಬರೆದ ಕಾಲದ ಕ್ರಮದಲ್ಲಿ ಕೊಟ್ಟು, ವ್ಯಾಖ್ಯಾನವನ್ನು ಕೊನೆಗೆ ಇಟ್ಟಿದ್ದರೆ ಪುಸ್ತಕ ಇನ್ನೂ ದೊಡ್ಡದಾಗುತ್ತಿತ್ತು. ಓದುವವರು ಮೊದಲ ಸಲ ಮದರ್ ಅವರ ಮಾತುಗಳನ್ನಷ್ಟೇ ಓದಲಿ. ಸಂಪಾದಕರ ಮಾತಿಗೆ ಆಮೇಲೆ ಬರಲಿ. ಕತ್ತಲಲ್ಲಿ ಮದರ್ ಅವರನ್ನು ಎತ್ತಿ ನಿಲ್ಲಿಸಿದ್ದು ಅವರ ಮನೋಬಲವೊಂದೇ ಅಲ್ಲ; ಬರೆದದ್ದನ್ನು ಬೆಚ್ಚದೆ ಓದಿದ ನಾಲ್ಕಾರು ಜನ ಅವರಿಗಿದ್ದರು. ಸಾಮಾನ್ಯ ವಿಶ್ವಾಸಿಗೆ ಅಂಥ ಒಬ್ಬರೂ ಸಿಗುವುದು ಕಷ್ಟ. ಪ್ರತಿ ಧರ್ಮಕೇಂದ್ರದಲ್ಲೂ ಸಂದೇಹವನ್ನು ಬಾಯಿಬಿಟ್ಟು ಹೇಳಲು ಜಾಗವಿರಬೇಕು. ಕೇಳಿಸಿಕೊಳ್ಳುವವರು ಅದಕ್ಕೆ ಒಡನೆಯೇ ಉತ್ತರ ಕೊಡದಿರಲು ಕಲಿಯಬೇಕು.