ಸುಮ್ಮನಿದ್ದ ಮಾತ್ರಕ್ಕೆ ಒಪ್ಪಿದ ಹಾಗಲ್ಲ

ನಾಯಿ ಸಾಕಿದವರ ನಡುವೆ ಉಗುರು ಕತ್ತರಿಸೋ ಮಾತು ಬಂದರೆ ಸಾಕು, ಯಾರಾದರೂ ಒಬ್ಬರು ಸೀಸರ್ ಮಿಲನ್ ಹೆಸರು ತೆಗೀತಾರೆ. ಆತನ ಟಿವಿ ಕಾರ್ಯಕ್ರಮ ‘ಡಾಗ್ ವಿಸ್ಪರರ್’ ಅಮೆರಿಕದಲ್ಲಿ ಶುರುವಾಗಿದ್ದು 2004ರಲ್ಲಿ, ಮುಗಿದದ್ದು 2012ರಲ್ಲಿ. ಅದರ ತುಣುಕುಗಳು ಇನ್ನೂ ನಮ್ಮ ಮೊಬೈಲುಗಳಲ್ಲಿ ಓಡಾಡ್ತಾನೇ ಇವೆ. ಮುಟ್ಟಿಸಿಕೊಳ್ಳಲು ಒಲ್ಲದ ನಾಯಿಯನ್ನು ಏನು ಮಾಡಬೇಕು ಅನ್ನೋದಕ್ಕೆ ಎಷ್ಟೋ ಜನರ ತಲೆಯಲ್ಲಿರೋ ಚಿತ್ರ ಬಂದಿದ್ದು ಅಲ್ಲಿಂದಲೇ. ಹಾಗಾಗಿ ಅದನ್ನು ಹಳೇ ಸರಕು ಅಂತ ಬಿಡೋ ಹಾಗಿಲ್ಲ.

ಮೊದಲು ಒಳ್ಳೇದು ಹೇಳಿಬಿಡ್ತೀನಿ. ನಾಯಿಗೆ ದಿನಾ ನಡಿಗೆ ಬೇಕು, ಶಿಸ್ತು ಬೇಕು, ತಪ್ಪು ಬಹಳ ಸಲ ಮಾಲೀಕರದ್ದು ಅಂತ ಮಿಲನ್ ಸಾರಿ ಸಾರಿ ಹೇಳಿದ. ಕಥೆ ಕಟ್ಟೋದರಲ್ಲೂ ಗಟ್ಟಿಗ. ಗುರ್ ಅನ್ನೋ ನಾಯಿ, ಕೈಚೆಲ್ಲಿದ ಮನೆಯವರು, ಎದೆ ಸೆಟೆಸಿ ಒಳಗೆ ಬರೋ ಮನುಷ್ಯ. ಸ್ವಲ್ಪ ಹೊತ್ತಿನ ಎಳೆದಾಟ, ಆಮೇಲೆ ನಾಯಿ ನೆಲಕ್ಕೆ ಮಲಗುತ್ತೆ. ಅದನ್ನು ಆತ ‘ಕಾಮ್ ಸಬ್‌ಮಿಸಿವ್’ ಅಂತಾನೆ, ಅಂದರೆ ಶಾಂತವಾಗಿ ಶರಣಾದ ಸ್ಥಿತಿ. ನಾವು ಚಪ್ಪಾಳೆ ಹೊಡೀತೀವಿ.

ಅದೇ ದೃಶ್ಯವನ್ನು ಒಮ್ಮೆ ಮ್ಯೂಟ್ ಮಾಡಿ ನೋಡಿ. ತುಟಿ ನೆಕ್ಕಿಕೊಳ್ಳೋದು, ಕಾರಣವಿಲ್ಲದ ಆಕಳಿಕೆ, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣೋ ಹಾಗೆ ಓರೆಯಾಗಿ ನೋಡೋದು, ಬಾಲ ಒಳಗೆ ಸೇರಿಸಿ ಕಲ್ಲಿನಂತೆ ಬಿಗಿಯೋದು. ಇವೆಲ್ಲ ನಾಯಿ ಹೆದರಿದೆ ಅನ್ನೋದರ ಗುರುತುಗಳು. 2012ರ ಹಾಲಿ ಅನ್ನೋ ಲ್ಯಾಬ್ರಡಾರ್ ಕಂತು ಇದಕ್ಕೆ ಪಕ್ಕಾ ಪಾಠ. ಅದು ಊಟದ ಬಟ್ಟಲಿನ ಜಗಳ, ಉಗುರಿನದ್ದಲ್ಲ; ಆದರೆ ಕೈ ಮೇಲೆ ಬರೋದಂತೂ ಎರಡರಲ್ಲೂ ಒಂದೇ. ನಾಯಿ ಹಲ್ಲು ತೋರಿಸುತ್ತೆ, ಹಿಂದೆ ಸರಿಯುತ್ತೆ. ಆತ ಮಾತ್ರ ಸರಿಯೋದಿಲ್ಲ. ಕಡೆಗೆ ಅದು ತಣ್ಣಗಾಯ್ತು ಅಂದುಕೊಂಡು ಕೈ ಚಾಚಿದಾಗ ಕಚ್ಚಿಯೇ ಬಿಡುತ್ತೆ.

ನಮ್ಮ ಭಾಷೆಯಲ್ಲಿ ಹೇಳೋದಾದರೆ, ಗುರ್ ಅನ್ನೋದು ಎರರ್ ಮೆಸೇಜ್. ಬಗ್ ಸರಿಮಾಡದೆ ಮೆಸೇಜನ್ನಷ್ಟೇ ಆಫ್ ಮಾಡಿದರೆ ಡೆಮೊ ಚೆನ್ನಾಗೇ ಓಡುತ್ತೆ. ಸಿಸ್ಟಮ್ ಬೀಳೋದು ಆಮೇಲೆ, ಹೇಳದೇ ಕೇಳದೇ.

ಸುಮ್ಮನಾಗೋದಕ್ಕೆ ಇನ್ನೊಂದು ಕಾರಣವೂ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸೆಲಿಗ್ಮನ್ ಮತ್ತು ಮೇಯರ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಏನು ಮಾಡಿದರೂ ತಪ್ಪದ ವಿದ್ಯುತ್ ಆಘಾತಕ್ಕೆ ಸಿಕ್ಕಿದ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ತಪ್ಪಿಸಿಕೊಳ್ಳೋ ದಾರಿ ಇದ್ದಾಗಲೂ ಅಲ್ಲೇ ಬಿದ್ದುಕೊಂಡವು. ಹೊರಗಿನಿಂದ ನೋಡಿದರೆ ಅದೂ ಶಾಂತಿಯೇ.

ನಮ್ಮೂರಲ್ಲಿ ಎತ್ತಿಗೆ ಲಾಳ ಹೊಡೆಸುವಾಗ ಕಾಲಿಗೆ ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಬಿಗಿದು ಹೊಡೀತಿದ್ದರು. ಅದನ್ನು ಆದರ್ಶ ಅಂತ ನಾನು ಹೇಳ್ತಿಲ್ಲ. ಆದರೆ ಕೆಡವಿದ್ದನ್ನು ಅವರು ಕೆಡವಿದ್ದು ಅಂತಲೇ ಕರೀತಿದ್ದರು. ಎತ್ತು ಒಪ್ಪಿಕೊಂಡಿತು ಅಂತ ಯಾರೂ ಹೇಳಲಿಲ್ಲ. ಅದೇ ಜನ ಹಸುವಿನ ಕರುವಿಗೆ ದಿನಾ ಮೈ ಸವರಿ, ಕೆಚ್ಚಲ ಹತ್ತಿರ ಕೈ ಆಡಿಸಿ ರೂಢಿ ಮಾಡ್ತಿದ್ದರು, ಮುಂದೆ ಹಾಲು ಕರೆಯುವಾಗ ಒದೀಬಾರದು ಅಂತ. ಬಲವಂತ ಬೇರೆ, ರೂಢಿ ಬೇರೆ ಅನ್ನೋದು ಕೊಟ್ಟಿಗೆಯಲ್ಲಿ ಸ್ಪಷ್ಟವಾಗಿತ್ತು. ಟಿವಿ ಅದನ್ನು ಕಲಸಿಹಾಕಿತು. ನನ್ನ ತಕರಾರು ಅದೇ.

ರೂಢಿಯ ದಾರಿ ಗೊತ್ತಿಲ್ಲ ಅಂತೇನಿಲ್ಲ. ಅಮೆರಿಕದ ಪಶುವೈದ್ಯೆ ಸೋಫಿಯಾ ಯಿನ್ 2009ರಲ್ಲೇ ನಾಯಿ-ಬೆಕ್ಕುಗಳನ್ನು ಹೆದರಿಸದೆ ಹಿಡಿಯೋದರ ಬಗ್ಗೆ ಚಿತ್ರಸಮೇತ ದೊಡ್ಡ ಪುಸ್ತಕ ಬರೆದರು. ಬ್ರಿಟನ್ನಿನ ತರಬೇತುದಾರ ಚಿರಾಗ್ ಪಟೇಲ್ ಅವರ ‘ಬಕೆಟ್ ಗೇಮ್’ ಇನ್ನೂ ಸರಳ. ಒಂದು ಡಬ್ಬಿಯಲ್ಲಿ ತಿಂಡಿ ಇಡಿ. ನಾಯಿ ಡಬ್ಬಿ ನೋಡ್ತಾ ಇರೋವರೆಗೆ ನಿಮ್ಮ ಕೈ ಕಿವಿಯ ಕಡೆಗೋ ಪಂಜದ ಕಡೆಗೋ ನಿಧಾನಕ್ಕೆ ಹೋಗಬಹುದು, ನಡುನಡುವೆ ತಿಂಡಿ ಸಿಗುತ್ತೆ. ನೋಟ ತಪ್ಪಿಸಿತೋ, ಕೈ ನಿಲ್ಲಬೇಕು. ಅಂದರೆ ‘ಬೇಡ’ ಅನ್ನೋ ಮಾತು ನಾಯಿಯ ಕೈಗೆ ಬಂತು. ಬೇಡ ಅನ್ನೋಕೆ ಅವಕಾಶ ಇದ್ದಾಗ ಮಾತ್ರ ಅದರ ಸುಮ್ಮನಿರುವಿಕೆಗೆ ಅರ್ಥ.

ಈ ಕಡೆಯವರ ಮೇಲೂ ಒಂದು ಮಾತಿದೆ. ಇಂಥ ವಿಡಿಯೊಗಳಲ್ಲಿ ನಾಯಿ ಯಾವಾಗಲೂ ಆರೋಗ್ಯವಾಗಿರುತ್ತೆ, ಮಾಲೀಕರಿಗೆ ಯಾವಾಗಲೂ ಪುರುಸೊತ್ತಿರುತ್ತೆ. ಗೇಟಿನ ಸರಳು ಚುಚ್ಚಿ ರಕ್ತ ಸುರಿಸ್ತಾ ಬಂದ ನಾಯಿಯ ಜೊತೆ ಡಬ್ಬಿ ಆಟ ಆಡೋಕಾಗಲ್ಲ. ಆಗ ಬಾಯಿಗೆ ಮಜಲ್ ಬೇಕು, ಮಂಪರಿನ ಮದ್ದೂ ಬೇಕಾಗಬಹುದು. ರೇಬಿಸ್ ಲಸಿಕೆಯನ್ನಂತೂ ನಾಯಿ ಒಪ್ಪಲಿ ಅಂತ ಮುಂದಕ್ಕೆ ಹಾಕುತ್ತಾ ಕೂರೋ ಹಾಗಿಲ್ಲ. ಹಾಗಂತಲೇ ಏನೂ ಆಗದಿರುವ ದಿನಗಳಲ್ಲಿ, ದಿನಕ್ಕೆ ಎರಡು ನಿಮಿಷ, ಪಂಜ ಮುಟ್ಟಿ ಬಿಡೋದು, ಕಿವಿ ಎತ್ತಿ ಬಿಡೋದು, ಮಜಲ್ ಒಳಗೆ ತಿಂಡಿ ಇಟ್ಟು ಮೂತಿ ತೂರಿಸೋಕೆ ಬಿಡೋದು ಮುಖ್ಯ. ಇದರಲ್ಲಿ ನಾಟಕವಿಲ್ಲ, ಅದಕ್ಕೇ ಇದು ಟಿವಿಗೆ ಒಗ್ಗಲಿಲ್ಲ.

ಮುಂದಿನ ಸಲ ಅಂಥ ತುಣುಕು ಬಂದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಕೈ ಬಿಟ್ಟ ಮೇಲೆ ನಾಯಿ ಅದೇ ಕೈಯ ಹತ್ತಿರ ವಾಪಸ್ ಬಂತಾ, ಇಲ್ಲಾ ಮೂಲೆ ಸೇರಿತಾ? ಆ ಶಾಟ್ ತುಣುಕಿನಲ್ಲಿ ಇಲ್ಲದಿದ್ದರೆ, ಚಪ್ಪಾಳೆಯನ್ನು ಸ್ವಲ್ಪ ತಡೆದಿಡಿ.