ತಲೆದಂಡ ಕೇಳುವ ಶಾಂತಿ

ಶಾಂತಿಯ ಮಾತು ಯಾವಾಗ ಶುರುವಾಗುತ್ತದೆ? ಕೆಳಗಿನವರು ಸಾಯುತ್ತಿರುವಷ್ಟು ಕಾಲ ಅದನ್ನು ಯಾರೂ ಯುದ್ಧ ಎಂದು ಕರೆಯುವುದಿಲ್ಲ. ಅದು ಬರೀ ದಿನನಿತ್ಯದ ಬದುಕು. ಮೇಲಿನವರ ಕಿಟಕಿಯ ಗಾಜು ಒಡೆದ ದಿನ ಅದಕ್ಕೆ ಹಿಂಸೆ ಎಂಬ ಹೆಸರು ಬರುತ್ತದೆ. ಆಮೇಲೆ ಕುರ್ಚಿ ಹಾಕುತ್ತಾರೆ, ಮುಖಂಡರನ್ನು ಕರೆಸುತ್ತಾರೆ, ಮಾತುಕತೆ ಅಂತಾರೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ‘ಆರ್ಕೇನ್’ ಎಂಬ ಅನಿಮೇಷನ್ ಧಾರಾವಾಹಿಯ ಒಂದು ಸಂಧಾನದ ದೃಶ್ಯವನ್ನು ಇಲ್ಲಿ ಬಿಡಿಸಿ ನೋಡಲು ಯತ್ನಿಸುತ್ತೇನೆ.

ಚಿತ್ರ ಬರೆದು ಓಡಿಸಿದ್ದನ್ನೆಲ್ಲ ಮಕ್ಕಳ ಕಾರ್ಟೂನು ಎಂದು ಪಕ್ಕಕ್ಕೆ ತಳ್ಳುವ ವಿಮರ್ಶೆ ನಮ್ಮಲ್ಲಿ ಇನ್ನೂ ಇದೆ. ಆದರೆ ನಾನು ಪಾಠ ಮಾಡುವ ಹುಡುಗ ಹುಡುಗಿಯರು ಮೇಲು ಕೀಳಿನ ಕಥೆಗಳನ್ನು ಈಗ ನೋಡುತ್ತಿರುವುದು ಇಂಥ ಕಡೆಯೇ, ಅಂಗೈಯಗಲದ ಫೋನಿನಲ್ಲಿ. ‘ಆರ್ಕೇನ್’ ಮೊದಲ ಭಾಗ 2021ರ ನವೆಂಬರಿನಲ್ಲಿ ಒಂಬತ್ತು ಕಂತುಗಳಾಗಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಎರಡನೆಯ ಭಾಗ 2024ರ ನವೆಂಬರಿನಲ್ಲಿ. ಅಮೆರಿಕದ ರಯಟ್ ಗೇಮ್ಸ್ ಕಂಪನಿ ತನ್ನ ‘ಲೀಗ್ ಆಫ್ ಲೆಜೆಂಡ್ಸ್’ ಆಟದ ಪಾತ್ರಗಳನ್ನಿಟ್ಟುಕೊಂಡು ಫ್ರಾನ್ಸಿನ ಫೋರ್ಟಿಶ್ ಸ್ಟುಡಿಯೋದಲ್ಲಿ ಮಾಡಿಸಿದ ಈ ಕೃತಿಗೆ 2022ರಲ್ಲಿ ಎಮ್ಮಿ ಪ್ರಶಸ್ತಿಯೂ ಬಂತು. ಕುಂಚದಲ್ಲಿ ಬಳಿದಂತೆ ಕಾಣುವ ಇದರ ಮುಖಗಳಲ್ಲಿ ಸಿಟ್ಟು, ಅವಮಾನ, ಅಳು ನಟರ ಮುಖದಲ್ಲಿ ಮೂಡುವಷ್ಟೇ ನಿಚ್ಚಳವಾಗಿ ಮೂಡುತ್ತವೆ.

ಕಥೆಯ ಭೂಗೋಳವೇ ಅದರ ರಾಜಕಾರಣ. ಮೇಲೆ ಪಿಲ್ಟೋವರ್: ಬಿಳಿ ಕಲ್ಲಿನ ಕಟ್ಟಡ, ವಿಜ್ಞಾನ, ವ್ಯಾಪಾರ, ಆಳುವ ಮಂಡಳಿ. ಕೆಳಗೆ ಗಣಿ, ಹೊಗೆ, ವಿಷಗಾಳಿ. ನಡುವೆ ಒಂದು ಸೇತುವೆ. ಕೆಳಗಿನವರು ಒಮ್ಮೆ ಬಂಡೆದ್ದು ಆ ಸೇತುವೆ ದಾಟಲು ಹೋಗಿ ಹೆಣವಾದರು. ವೈ ಮತ್ತು ಪೌಡರ್ ಎಂಬ ಇಬ್ಬರು ಅಕ್ಕತಂಗಿಯರ ಹೆತ್ತವರು ಸತ್ತದ್ದು ಅಲ್ಲಿಯೇ. ದಂಗೆಯ ಮುಂದಾಳಾಗಿದ್ದ ವ್ಯಾಂಡರ್ ಹೆಣಗಳನ್ನು ಕಂಡು ಕೈ ಚೆಲ್ಲಿ, ಮಕ್ಕಳನ್ನು ಎತ್ತಿಕೊಂಡು ಹಿಂದಿರುಗಿದ. ಆಮೇಲೆ ಮೇಲಿನ ಪೊಲೀಸ್ ಅಧಿಕಾರಿ ಗ್ರೇಸನ್ ಜೊತೆ ಅವನದೊಂದು ಗುಟ್ಟಿನ ಒಪ್ಪಂದವಾಗುತ್ತದೆ: ನಿನ್ನ ಜನ ನಮ್ಮ ಬೀದಿಗೆ ಬರಬಾರದು, ನಮ್ಮ ಪಡೆ ನಿಮ್ಮ ಬೀದಿಗೆ ಬರುವುದಿಲ್ಲ. ಇದು ಕಥೆಯ ಮೊದಲ ಶಾಂತಿ. ಈ ಶಾಂತಿಯ ಬೆಲೆ ಏನೆಂಬುದು ಬೇಗನೆ ಗೊತ್ತಾಗುತ್ತದೆ. ಕೆಳಗಿನ ಮಕ್ಕಳು ಮೇಲೆ ಕದಿಯಲು ಹೋಗಿ ಸ್ಫೋಟವಾದಾಗ ಗ್ರೇಸನ್ ಬಂದು ಕೇಳುವುದು ಇಷ್ಟೇ: ಮಂಡಳಿಗೆ ತೋರಿಸಲು ಯಾರಾದರೂ ಒಬ್ಬರು ಬೇಕು. ವ್ಯಾಂಡರ್ ಮಕ್ಕಳನ್ನು ಕೊಡದೆ ತನ್ನನ್ನೇ ಕೊಡುತ್ತಾನೆ.

ವರ್ಷಗಳು ಕಳೆದ ಮೇಲೆ, ಒಂಬತ್ತನೆಯ ಕಂತಿನಲ್ಲಿ, ಇದೇ ಬೇಡಿಕೆ ಮತ್ತೆ ಬರುತ್ತದೆ. ಈಗ ಕೆಳಗಿನ ಒಡೆಯ ಸಿಲ್ಕೊ. ವ್ಯಾಂಡರನ ಹಳೆಯ ಸಂಗಾತಿ, ಆಮೇಲೆ ವೈರಿ. ಅವನ ಕೆಟ್ಟುಹೋದ ಕಣ್ಣು ವ್ಯಾಂಡರ್ ಕೊಟ್ಟ ಗುರುತು. ಎದುರಿಗೆ ಪಿಲ್ಟೋವರಿನ ಯುವ ವಿಜ್ಞಾನಿ, ಮಂಡಳಿಯ ಸದಸ್ಯ ಜೇಸ್. ಸಿಲ್ಕೊ ತನ್ನ ಬೇಡಿಕೆಗಳನ್ನು ಮುಂದಿಡುತ್ತಾನೆ. ಅದರಲ್ಲಿ ವ್ಯಾಪಾರಕ್ಕೆ ಮುಕ್ತ ದಾರಿ ಇದೆ. ಎಲ್ಲಕ್ಕಿಂತ ದೊಡ್ಡದು ಸ್ವತಂತ್ರ ದೇಶ, ಝಾನ್. ಜೇಸ್ ಅಚ್ಚರಿಯಾಗುವಷ್ಟು ಸಲೀಸಾಗಿ ಒಪ್ಪುವ ಹಾದಿಗೆ ಬರುತ್ತಾನೆ. ಶಿಮ್ಮರ್ ಎಂಬ ಮಾದಕ ದ್ರವ್ಯದ ತಯಾರಿ ನಿಲ್ಲಬೇಕು ಅನ್ನುತ್ತಾನೆ. ಕೊನೆಗೆ ಇನ್ನೊಂದು ಷರತ್ತು: ಜಿಂಕ್ಸ್‌ಳನ್ನು ಒಪ್ಪಿಸಬೇಕು. ಜಿಂಕ್ಸ್ ಅಂದರೆ ಆ ಪೌಡರ್‌ಳೇ. ಸಿಲ್ಕೊ ಮಗಳಂತೆ ಸಾಕಿದವಳು, ಮೇಲಿನ ಪೊಲೀಸರನ್ನು ಕೊಂದವಳು. ಅಲ್ಲಿಗೆ ಸಿಲ್ಕೊನ ಮುಖ ಕಲ್ಲಾಗುತ್ತದೆ.

ಈ ದೃಶ್ಯವನ್ನು ಸಾಮಾನ್ಯವಾಗಿ ಮೆಚ್ಚುವುದು ತಂದೆಯೊಬ್ಬನ ದುರಂತವೆಂದು. ಜೀವಮಾನದ ಕನಸು ಒಂದು ಕಡೆ, ಮಗಳು ಒಂದು ಕಡೆ. ವ್ಯಾಂಡರನ ಪ್ರತಿಮೆಯೆದುರು ಕೂತು ಸಿಲ್ಕೊ ಹೇಳಿಕೊಳ್ಳುವ ಸಂಕಟ ನಿಜಕ್ಕೂ ಕರುಳು ಹಿಂಡುವಂಥದ್ದು. ಸತ್ತ ವೈರಿಯನ್ನು ಅವನು ಮೊದಲ ಸಲ ಅರ್ಥ ಮಾಡಿಕೊಳ್ಳುವುದು ಆಗಲೇ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೀಗೆ ಓದಿದಾಗ ಒಂದು ಪ್ರಶ್ನೆ ಮುಚ್ಚಿಹೋಗುತ್ತದೆ. ಒಮ್ಮೆ ತರಗತಿಯಲ್ಲಿ ಈ ಮಾತು ಬಂದಾಗ ಒಬ್ಬ ಹುಡುಗ ಎದ್ದು ಕೇಳಿದ: “ಸಾರ್, ಒಬ್ಬಳನ್ನ ಒಪ್ಪಿಸಿಬಿಟ್ಟಿದ್ರೆ ಇಡೀ ದೇಶಾನೇ ಸಿಕ್ತಿತ್ತಲ್ಲ?” ಹಿಂದಿನ ಬೆಂಚಿನ ಹುಡುಗಿ ಕೂತಲ್ಲಿಂದಲೇ ಅಂದಳು: “ಅವ್ರು ಯಾರನ್ನ ಒಪ್ಪಿಸ್ತಿದ್ರು?”

ವಿಮರ್ಶೆ ಶುರುವಾಗಬೇಕಾದ್ದು ಆ ಹುಡುಗಿಯ ಮಾತಿನಿಂದ. ಈ ಸಂಧಾನಕ್ಕೆ ಸ್ವಲ್ಪ ಮುಂಚೆ, ಎಂಟನೆಯ ಕಂತಿನಲ್ಲಿ, ಜೇಸ್ ವೈಳ ಜೊತೆ ಸೇರಿ ಶಿಮ್ಮರ್ ಕಾರ್ಖಾನೆಯ ಮೇಲೆ ದಾಳಿ ಮಾಡುತ್ತಾನೆ. ಅವನ ಆಯುಧದ ಹೊಡೆತಕ್ಕೆ ಅಲ್ಲಿ ದುಡಿಯುತ್ತಿದ್ದ ಒಬ್ಬ ಹುಡುಗ ಸಾಯುತ್ತಾನೆ. ಜೇಸ್ ನಡುಗಿಹೋಗುತ್ತಾನೆ. ಅವನು ಸಂಧಾನಕ್ಕೆ ಬರುವುದೇ ಆ ನಡುಕದಿಂದ. ಅಂದರೆ ಕೆಳಗಿನ ಹುಡುಗನ ಸಾವು ಮೇಲಿನವನ ಮನಃಪರಿವರ್ತನೆಗೆ ಗೊಬ್ಬರವಾಗುತ್ತದೆ. ಒಪ್ಪಂದದ ಷರತ್ತು ಮಾತ್ರ ಆಗುವುದಿಲ್ಲ. ಜಿಂಕ್ಸ್ ಕೊಂದದ್ದು ಅಪರಾಧ, ಅದಕ್ಕೆ ಸೆರೆಮನೆ. ಜೇಸ್ ಕೊಂದದ್ದು ಪಶ್ಚಾತ್ತಾಪ, ಅದಕ್ಕೆ ಶಾಂತಿದೂತನ ಪಟ್ಟ. ಜೇಸ್ ಕೆಟ್ಟವನಲ್ಲ ಅನ್ನುವುದೇ ಇಲ್ಲಿನ ತೊಡಕು. ಒಳ್ಳೆಯ ಮನುಷ್ಯನೊಬ್ಬ ತಾನು ಒಳ್ಳೆಯವನಾಗಿರುವಾಗಲೇ ಈ ಲೆಕ್ಕವನ್ನು ಸಹಜವೆಂದು ನಂಬಬಲ್ಲ ಎಂಬುದನ್ನು ದೃಶ್ಯ ತೋರಿಸುತ್ತದೆ, ತನಗೆ ಅರಿವಿದ್ದೋ ಇಲ್ಲದೆಯೋ.

ಹೆಸರಿನ ವಿಷಯವನ್ನೂ ಗಮನಿಸಬೇಕು. ಮೇಲಿನವರ ಬಾಯಲ್ಲಿ ಅದು ಬರೀ ‘ಕೆಳನಗರ’. ಊರಿಗೆ ಹೆಸರುಂಟು, ಕೆಳಗಿನದಕ್ಕೆ ದಿಕ್ಕು ಮಾತ್ರ. ಝಾನ್ ಎಂದು ಕರೆಯುವುದೇ ಒಂದು ಬಂಡಾಯ. ಹಾಗೆಯೇ ಜಿಂಕ್ಸ್ ಎಂದರೆ ಅಪಶಕುನ. ನಮ್ಮ ಮಾತಲ್ಲಿ ಹೇಳುವುದಾದರೆ ಕಾಲ್ಗುಣ ಸರಿಯಿಲ್ಲದವಳು. ಚಿಕ್ಕಂದಿನಲ್ಲಿ ಜೊತೆಯ ಹುಡುಗ ಹಂಗಿಸಿದ ಮಾತನ್ನೇ ಅವಳು ಹೆಸರಾಗಿ ತೊಟ್ಟುಕೊಂಡಿದ್ದಾಳೆ. ಬೈಗುಳವನ್ನೇ ಹೆಸರು ಮಾಡಿಕೊಂಡು ತಲೆಯೆತ್ತಿದವರ ಸಾಹಿತ್ಯವನ್ನು ಓದಿದ ನಮಗೆ ಇದು ಹೊಸದಲ್ಲ. ಆದರೆ ಸಂಧಾನದಲ್ಲಿ ಈ ಎರಡು ಹೆಸರುಗಳು ಎದುರುಬದುರಾಗುತ್ತವೆ. ಊರಿನ ಹೆಸರು ಬೇಕೋ, ಹುಡುಗಿಯನ್ನು ಕೊಡು. ಜನ ಬೇರೆ, ಜನರೊಳಗಿನ ಅಪಶಕುನ ಬೇರೆ ಎಂದು ಸೀಳುವ ಈ ಜಾಣತನ ಪ್ರಭುತ್ವಕ್ಕೆ ಯಾವತ್ತಿನಿಂದಲೂ ಗೊತ್ತು.

ಹಾಗಂತ ಸಿಲ್ಕೊನನ್ನು ಜನನಾಯಕನೆಂದು ಎತ್ತಿಹಿಡಿಯುವ ಉತ್ಸಾಹ ನನಗಿಲ್ಲ. ಆ ಸತ್ತ ಹುಡುಗ ದುಡಿಯುತ್ತಿದ್ದದ್ದು ಸಿಲ್ಕೊನ ಸಾಮ್ರಾಜ್ಯದಲ್ಲೇ. ತನ್ನ ಜನರ ನರಗಳಿಗೆ ಶಿಮ್ಮರ್ ಹರಿಸಿ ಆ ದುಡ್ಡಿನಿಂದ ಸ್ವಾತಂತ್ರ್ಯ ಕಟ್ಟುತ್ತೇನೆ ಅನ್ನುವವನು ಅವನು. ಅವನ ಬೇಡಿಕೆಗಳಲ್ಲಿ ಗಣಿಯವನ ಕೂಲಿ, ಉಸಿರಾಡುವ ಗಾಳಿ ಇವುಗಳ ಸುದ್ದಿ ಕೇಳಿಸುವುದಿಲ್ಲ. ಕೆಳಗೇ ಎಕ್ಕೊ ಎಂಬ ಯುವಕನಿದ್ದಾನೆ. ಶಿಮ್ಮರ್‌ನಿಂದ ನೊಂದವರನ್ನೆಲ್ಲ ಕೂಡಿಸಿ ಒಂದು ಮರದ ಸುತ್ತ ಸಣ್ಣ ಊರನ್ನೇ ಕಟ್ಟಿದ್ದಾನೆ. ಗೋಡೆಯ ಮೇಲೆ ಸತ್ತವರ ಮುಖಗಳನ್ನು ಬರೆಸಿದ್ದಾನೆ. ಝಾನ್ ಅನ್ನೋದು ನಿಜವಾಗಿ ಎಲ್ಲಾದರೂ ಇದ್ದರೆ ಅದು ಆ ಮರದ ಕೆಳಗೆ. ಅವನಿಗೆ ಸಂಧಾನದಲ್ಲಿ ಕುರ್ಚಿ ಇಲ್ಲ. ಬಂದೂಕು ಇದ್ದವನನ್ನು ಮಾತ್ರ ಪ್ರತಿನಿಧಿಯೆಂದು ಗುರುತಿಸುವ ಪ್ರಭುತ್ವವೇ ಆಮೇಲೆ ‘ನೋಡಿ, ಇವರ ನಾಯಕರು ಎಂಥವರು’ ಎಂದು ಮೂಗು ಮುರಿಯುತ್ತದೆ.

ಮುಂದಿನದು ಕಥೆ ಕಟ್ಟುವವರ ರಾಜಕಾರಣ. ಪ್ರತಿಮೆಯೆದುರು ಸಿಲ್ಕೊ ಆಡಿದ ಮಾತನ್ನು ಜಿಂಕ್ಸ್ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದಾಳೆ. ಗೊಂದಲದಲ್ಲಿ ಅವನನ್ನೇ ಕೊಲ್ಲುತ್ತಾಳೆ. ಏನು ಕೊಟ್ಟರೂ ನಿನ್ನನ್ನು ಅವರಿಗೆ ಒಪ್ಪಿಸುತ್ತಿರಲಿಲ್ಲ ಎಂದು ಹೇಳಿ ಅವನು ಸಾಯುತ್ತಾನೆ. ಆಮೇಲೆ ಅವಳು ಮಂಡಳಿಯ ಮೇಲೆ ಕ್ಷಿಪಣಿ ಬಿಡುತ್ತಾಳೆ, ಅದೂ ಮಂಡಳಿಯವರು ಶಾಂತಿಯ ಪರವಾಗಿ ಕೈಯೆತ್ತುತ್ತಿರುವ ಗಳಿಗೆಯಲ್ಲೇ! ಈ ಹೊಂದಾಣಿಕೆಯನ್ನು ಸುಮ್ಮನೆ ನಾಟಕೀಯತೆ ಎಂದು ಬಿಡಲಾರೆ. ತಲೆಮಾರುಗಳಿಂದ ಕೊಡದ ಹಕ್ಕನ್ನು ಕೊಡಲು ಎತ್ತಿದ ಕೈ ಎತ್ತಿದಂತೆಯೇ ಉಳಿಯುತ್ತದೆ. ಕೊಡಬೇಕಾದ ಕಷ್ಟ ಅದಕ್ಕೆ ಬರುವುದೇ ಇಲ್ಲ. ಶಾಂತಿ ಮುರಿದ ಅಪವಾದ ಮನಸ್ಸು ಒಡೆದ ಒಬ್ಬ ಹುಡುಗಿಯ ತಲೆಗೆ. ಆ ಮನಸ್ಸು ಒಡೆದದ್ದು ಯಾವ ಸೇತುವೆಯ ಮೇಲೆ ಎಂಬುದನ್ನು ಅಷ್ಟು ಹೊತ್ತಿಗೆ ನಾವು ಮರೆತಿರುತ್ತೇವೆ.

ಎರಡನೆಯ ಭಾಗದಲ್ಲಿ ಲೆಕ್ಕ ಇನ್ನೂ ಬಯಲಾಗುತ್ತದೆ. ಆ ಒಬ್ಬಳನ್ನು ಹಿಡಿಯಲು ಕೇಟ್ಲಿನ್ ಕೆಳಗಿನ ಬೀದಿಗಳಿಗೆ ಗಾಳಿಯ ಕೊಳವೆಗಳ ಮೂಲಕ ವಿಷದ ಹೊಗೆ ಬಿಡಿಸುತ್ತಾಳೆ. ಕೆಳಗಿನವರು ಉಸಿರಾಡಲೆಂದು ಅವಳ ಮನೆತನದವರೇ ಹಾಕಿಸಿದ್ದ ಕೊಳವೆಗಳವು. ಉಪಕಾರ ಮಾಡಿದವರ ಕೈಯಲ್ಲೇ ಅದರ ಕೀಲಿಯೂ ಇರುತ್ತದೆ! ಕೊನೆಗೆ ಹೊರಗಿನ ಶತ್ರು ಬಂದಾಗ ಕೆಳಗಿನವರು ಬಂದು ಮೇಲಿನ ನಗರಕ್ಕಾಗಿ ಹೋರಾಡುತ್ತಾರೆ, ಸಾಯುತ್ತಾರೆ. ಕೊನೆಯ ದೃಶ್ಯಗಳಲ್ಲಿ ಸಿಲ್ಕೊನ ಬಲಗೈಯಾಗಿದ್ದ ಸೆವಿಕಾ ಮಂಡಳಿಯ ಒಂದು ಕುರ್ಚಿಯಲ್ಲಿ ಕೂತಿರುತ್ತಾಳೆ. ದೇಶ ಎಂದು ಶುರುವಾದ ಬೇಡಿಕೆ ಒಂದು ಕುರ್ಚಿಯಲ್ಲಿ ಮುಗಿಯಿತು. ಅವಳನ್ನು ಅಲ್ಲಿ ಆರಿಸಿ ಕೂರಿಸಿದವರು ಯಾರು? ಕಥೆ ಅದನ್ನು ಹೇಳುವ ಗೋಜಿಗೆ ಹೋಗುವುದಿಲ್ಲ.

ಕುರ್ಚಿಯ ಮಾತು ಬಂದಾಗ ನಮಗೆ 1932 ನೆನಪಾಗದೆ ಇರದು. ಹೋಲಿಕೆ ಮನುಷ್ಯರದ್ದಲ್ಲ, ಶಿಮ್ಮರ್ ಮಾರುವವನನ್ನು ಬಾಬಾಸಾಹೇಬರ ಪಕ್ಕಕ್ಕೆ ತರುವ ದಡ್ಡತನ ಬೇಡ. ಹೋಲಿಕೆ ಸಂಧಾನದ ಬಗೆಯದ್ದು. ಆ ವರ್ಷದ ಆಗಸ್ಟಿನ ಕೋಮುವಾರು ತೀರ್ಪು ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತು. ಸೆಪ್ಟೆಂಬರ್ 20ರಂದು ಗಾಂಧಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. 24ರಂದು ಪೂನಾ ಒಪ್ಪಂದಕ್ಕೆ ಸಹಿ ಬಿತ್ತು. ಅಲ್ಲಿ ಒತ್ತೆಗೆ ಬಿದ್ದದ್ದು ಮೇಲಿನವರ ಮಹಾತ್ಮನ ಪ್ರಾಣ. ಅದು ಹೋಗಿದ್ದರೆ ಸಿಟ್ಟು ಯಾವ ಕೇರಿಗಳ ಮೇಲೆ ತಿರುಗುತ್ತಿತ್ತು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ರಾಂತೀಯ ಶಾಸನಸಭೆಗಳ ಸ್ಥಾನ 71 ಇದ್ದದ್ದು 148 ಆಯಿತು. ಆದರೆ ಅಂತಿಮವಾಗಿ ಆರಿಸುವ ಕೈ ಸವರ್ಣ ಬಹುಮತದ್ದಾಯಿತು. ಹೆಚ್ಚಿದ ಸ್ಥಾನಗಳು ಕಳೆದುಹೋದ ಎರಡನೆಯ ಮತಕ್ಕೆ ಪರಿಹಾರವಲ್ಲ ಎಂದು ಅಂಬೇಡ್ಕರ್ 1945ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಜನರ ಹಕ್ಕನ್ನು ಒಂದು ಜೀವದ ತಕ್ಕಡಿಯಲ್ಲಿಟ್ಟ ಕೂಡಲೆ ಹಕ್ಕಿನ ಚರ್ಚೆ ನಿಂತು ಜೀವದ ಚರ್ಚೆ ಶುರುವಾಗುತ್ತದೆ. ಹಕ್ಕು ಕೇಳುವವನು ಕ್ರೂರಿಯಂತೆ ಕಾಣಿಸತೊಡಗುತ್ತಾನೆ.

ಆದ್ದರಿಂದ ‘ಆರ್ಕೇನ್’ನ ಈ ದೃಶ್ಯದ ಬಗ್ಗೆ ನನ್ನ ಮಾತು ಇಷ್ಟು. ಅದು ಬಹಳ ಶಕ್ತಿಯುತವಾದ ದೃಶ್ಯ. ಸಂಧಾನದಲ್ಲಿ ಏನು ನಡೆಯುತ್ತದೆ ಎಂಬುದನ್ನು ನಮ್ಮ ಎಷ್ಟೋ ರಾಜಕೀಯ ಕಾದಂಬರಿಗಳಿಗಿಂತ ಚೆನ್ನಾಗಿ ತೋರಿಸುತ್ತದೆ. ತೋರಿಸಿದ ಮೇಲೆ ತಾನೇ ಹೆದರಿ ಅದನ್ನು ತಂದೆ ಮಗಳ ಕಣ್ಣೀರಿನಲ್ಲಿ ತೊಳೆದುಬಿಡುತ್ತದೆ. ಆ ಕಣ್ಣೀರಿಗೆ ನಾವು ಮರುಳಾಗುವುದು ತಪ್ಪಲ್ಲ. ಆದರೆ ಮಾತುಕತೆಗೆ ಕರೆ ಬಂದಾಗಲೆಲ್ಲ, ಅದು ಪರದೆಯ ಮೇಲಿರಲಿ, ತಾಲ್ಲೂಕು ಕಚೇರಿಯ ಶಾಂತಿಸಭೆಯಲ್ಲಿರಲಿ, ಆ ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆಯನ್ನು ಎದ್ದು ನಿಂತು ಕೇಳಲೇಬೇಕು: ನಾವು ಒಪ್ಪಿಸಬೇಕಾದವರ ಪಟ್ಟಿ ಓದಿದಿರಿ ಸರಿ, ನಿಮ್ಮ ಕಡೆಯಿಂದ ಯಾರು?