ಗ್ಲಾಕ್ 19: ನಡುಗಾತ್ರದ ಹದ

ಅಮೆರಿಕದಲ್ಲಿ ಬಟ್ಟೆಯ ಮರೆಯಲ್ಲಿ ಒಯ್ಯಲು ಪಿಸ್ತೂಲು ಆರಿಸುವವರ ಚರ್ಚೆ ಎಲ್ಲಿ ಶುರುವಾದರೂ ಗ್ಲಾಕ್ 19ರ ಹೆಸರು ಬಂದೇ ಬರುತ್ತದೆ. ಅದು ಸುಮ್ಮನೆ ಗಳಿಸಿದ ಹೆಸರಲ್ಲ.

ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್ ಮೊದಲು ಪರದೆ ಕಂಬಿ, ಚಾಕು ತಯಾರಿಸುತ್ತಿದ್ದವರು. ಅವರ ಗ್ಲಾಕ್ 17 ಪಿಸ್ತೂಲನ್ನು 1982ರಲ್ಲಿ ಅಲ್ಲಿನ ಸೇನೆ ಒಪ್ಪಿಕೊಂಡಿತು. ಅದರ ನಳಿಗೆಯನ್ನೂ ಹಿಡಿಯನ್ನೂ ತುಸು ಮೊಟಕುಗೊಳಿಸಿ 1988ರಲ್ಲಿ ಹೊರತಂದದ್ದೇ 19. ನಳಿಗೆ 102 ಮಿಲಿಮೀಟರ್, ಗುಂಡಿಲ್ಲದಾಗ ತೂಕ ಸುಮಾರು 600 ಗ್ರಾಂ, ಮ್ಯಾಗಜೀನಿನಲ್ಲಿ 9 ಮಿಲಿಮೀಟರಿನ 15 ಗುಂಡು.

ನಿಜವಾದ ಜಾಣ್ಮೆ ಕಾಣುವುದು ಹಿಡಿಯಲ್ಲಿ. ಸೊಂಟಕ್ಕೆ ಸಿಕ್ಕಿಸಿದ ಪಿಸ್ತೂಲಿನ ಗುಟ್ಟು ರಟ್ಟು ಮಾಡುವುದು ನಳಿಗೆಗಿಂತ ಹೆಚ್ಚಾಗಿ ಅಂಗಿಯಡಿ ಉಬ್ಬುವ ಹಿಡಿ. ಹಾಗೆಂದು ಅದನ್ನು ತೀರಾ ಕುಗ್ಗಿಸಿದರೆ ಕಿರುಬೆರಳಿಗೆ ಜಾಗವಿರದು. ಗುಂಡು ಹಾರಿದೊಡನೆ ಪುಟ್ಟ ಪಿಸ್ತೂಲು ಕೈಯಲ್ಲಿ ಎಗರುತ್ತದೆ, ಎರಡನೆಯ ಗುರಿ ಕಷ್ಟವಾಗುತ್ತದೆ. 19ರಲ್ಲಿ ಹೆಚ್ಚಿನವರ ಮೂರು ಬೆರಳೂ ಹಿಡಿಯ ಮೇಲೆ ಭದ್ರವಾಗಿ ಕೂರುತ್ತವೆ, ಅಂಗಿಯೂ ಉಬ್ಬುವುದು ಕಡಿಮೆ. ಎರಡನ್ನೂ ಹೀಗೆ ಹದವಾಗಿ ಹೊಂದಿಸಿದ್ದು ದೊಡ್ಡ ಸಾಧನೆಯೇ ಸರಿ.

ಮೈಗೆ ಒತ್ತಿಕೊಂಡೇ ಇದ್ದರೂ ಇದರ ಪಾಲಿಮರ್ ಚೌಕಟ್ಟಿಗೆ ಬೆವರಿನಿಂದ ತುಕ್ಕು ಹಿಡಿಯುವ ಭಯವಿಲ್ಲ.

ಆದರೆ ಸಾಮಾನ್ಯ ಮಾದರಿಗಳಲ್ಲಿ ಹೆಬ್ಬೆರಳಿನಿಂದ ಒತ್ತುವ ಸೇಫ್ಟಿ ಇಲ್ಲ; ಒಂದು ರಕ್ಷಣೆ ಟ್ರಿಗರಿನಲ್ಲೇ ಇದೆ, ಉಳಿದವು ಒಳಗಿವೆ. ಆದ್ದರಿಂದ ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಇಲ್ಲದೆ ಇದನ್ನು ಯಾರೂ ಸೊಂಟಕ್ಕೆ ಸಿಕ್ಕಿಸಬಾರದು.